ಪ್ರೋಟಾನ್ ಥೆರಪಿಯಲ್ಲಿ ಪೋಸ್ಟ್‌ಡಾಕ್ ಹುಡುಕೋದು ಹೇಗೆ: ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಫಿಸಿಕ್ಸ್‌ನವರಿಗೆ

ಜಾಹೀರಾತು ಓದುತ್ತಾ ಹೋಗುತ್ತೀರಿ. ಮೆಡಿಕಲ್ ಫಿಸಿಕ್ಸ್, ಪ್ರೋಟಾನ್ ಕ್ಯಾನ್ಸರ್ ಚಿಕಿತ್ಸೆ, ಪೋಸ್ಟ್‌ಡಾಕ್ (ಪಿಎಚ್.ಡಿ ಆದಮೇಲಿನ ಸಂಶೋಧನಾ ಕೆಲಸ), ಎರಡು ವರ್ಷ. ಎಲ್ಲ ಸರಿಯಾಗೇ ಇದೆ. ಕೊನೆಯಲ್ಲಿ "ಪ್ರೋಟಾನ್ ಥೆರಪಿಯ ಅನುಭವ ಇದ್ದವರಿಗೆ ಆದ್ಯತೆ" ಅನ್ನೋ ಸಾಲು ಕಾಣುತ್ತದೆ, ಅಲ್ಲಿಗೆ ಪುಟ ಮುಚ್ಚಿಬಿಡುತ್ತೀರಿ ಅಲ್ವಾ? ನಾನೂ ಒಂದೂವರೆ ವರ್ಷ ಹಾಗೇ ಮಾಡಿದೆ. ನಾನು ಶ್ರೀನಿವಾಸಪುರದ ಹತ್ತಿರದ ಹಳ್ಳಿಯಿಂದ ಬಂದು, ಕೋಲಾರದಲ್ಲಿ ಬಿ.ಎಸ್ಸಿ ಮುಗಿಸಿ, ಬೆಂಗಳೂರಿನಲ್ಲಿ ಗಾಮಾ ಡಿಟೆಕ್ಟರ್‌ಗಳ ಮೇಲೆ ಪಿಎಚ್.ಡಿ ಮಾಡಿದೆ. ಪ್ರೋಟಾನ್ ಮೆಷಿನ್ನನ್ನು ಕಣ್ಣಲ್ಲೇ ನೋಡದೆ ಅರ್ಜಿ ಹಾಕೋದು ತಪ್ಪು ಅನ್ನಿಸುತ್ತಿತ್ತು. ಈಗ ಯುರೋಪಿನ ಒಂದು ಪ್ರೋಟಾನ್ ಕೇಂದ್ರದಲ್ಲಿ ಪೋಸ್ಟ್‌ಡಾಕ್ ಆಗಿ ಎರಡನೇ ವರ್ಷ ನಡೀತಿದೆ. ಊರಿಗೆ ಬಂದಾಗಲೆಲ್ಲ ಮುಳಬಾಗಿಲಿನಿಂದಲೋ ಚಿಂತಾಮಣಿಯಿಂದಲೋ ಯಾರಾದರೊಬ್ಬರು ಫೋನ್ ಮಾಡಿ "ಇದಕ್ಕೆ ಏನೇನು ಮಾಡಬೇಕು?" ಅಂತ ಕೇಳುತ್ತಾರೆ. ಫೋನಿನಲ್ಲಿ ಅರ್ಧವೂ ಹೇಳೋಕಾಗಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಆ ಆದ್ಯತೆಯ ಸಾಲನ್ನು ಮುಗಿಸಿಬಿಡೋಣ. ನಮ್ಮ ದೇಶದಲ್ಲಿ ಪ್ರೋಟಾನ್ ಚಿಕಿತ್ಸೆ ಶುರುವಾಗಿದ್ದೇ 2019ರಲ್ಲಿ, ಚೆನ್ನೈನ ಅಪೋಲೊ ಕೇಂದ್ರದಲ್ಲಿ. ಆಮೇಲೆ 2023ರಲ್ಲಿ ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರು ಶುರು ಮಾಡಿದರು. ನಮ್ಮ ಕಡೆಯವರು ಆಸ್ಪತ್ರೆಗಳಲ್ಲಿ ಕಂಡಿರೋದು ಗಾಮಾ ಕಿರಣದ ಕೋಬಾಲ್ಟ್ ಮೆಷಿನ್ನು, ಇಲ್ಲವೇ ಎಕ್ಸ್‌ರೇ ಕೊಡುವ ಲಿನ್ಯಾಕ್. ಇದು ಆಯ್ಕೆ ಮಾಡುವವರಿಗೂ ಗೊತ್ತು. ಅವರಿಗೆ ಬೇಕಾಗಿರೋದು ಮೆಷಿನ್ ಮುಟ್ಟಿದ ಕೈಗಿಂತ ಜಾಸ್ತಿ, ಒಂದು ಲೆಕ್ಕವನ್ನು ಕೊನೆಯವರೆಗೂ ಬಿಡದೆ ಹಿಂಬಾಲಿಸುವ ಮನುಷ್ಯ.

ಈ ಚಿಕಿತ್ಸೆಯ ಯೋಚನೆ ಹುಟ್ಟಿದ್ದೇ ಆಸ್ಪತ್ರೆಯ ಹೊರಗೆ. 1946ರಲ್ಲಿ ರಾಬರ್ಟ್ ವಿಲ್ಸನ್ ಅನ್ನೋ ಫಿಸಿಸಿಸ್ಟ್, ಕಣಗಳ ವೇಗ ಹೆಚ್ಚಿಸುವ ಯಂತ್ರ ಕಟ್ಟುತ್ತಿದ್ದವರು, ವೇಗದ ಪ್ರೋಟಾನ್‌ಗಳನ್ನು ಗೆಡ್ಡೆಯ ಮೇಲೆ ಬಳಸಬಹುದು ಅಂತ ಬರೆದರು. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಚಿಕಿತ್ಸೆ ಆಯಿತು. ಅಮೆರಿಕದಲ್ಲಿ ಆಸ್ಪತ್ರೆಯ ಒಳಗೇ ಇಂಥ ಮೆಷಿನ್ ಬಂದಿದ್ದು 1990ರಲ್ಲಿ, ಲೋಮಾ ಲಿಂಡಾದಲ್ಲಿ. ಅಲ್ಲಿಯವರೆಗೆ ರೋಗಿಗಳೇ ಫಿಸಿಕ್ಸ್ ಲ್ಯಾಬ್‌ಗೆ ಬರುತ್ತಿದ್ದರು. ಹಾಗಾಗಿ ನ್ಯೂಕ್ಲಿಯರ್ ಫಿಸಿಕ್ಸ್, ಪಾರ್ಟಿಕಲ್ ಫಿಸಿಕ್ಸ್, ಡಿಟೆಕ್ಟರ್, ಕಂಪ್ಯೂಟಿಂಗ್ ಕಡೆಯಿಂದ ಬಂದವರಿಗೆ ಈ ಕ್ಷೇತ್ರದ ಬಾಗಿಲು ಮೊದಲಿಂದಲೂ ತೆರೆದೇ ಇದೆ.

ಕೋಲಾರದವರಿಗೆ ಇನ್ನೊಂದು ಮಾತು. ಕೆಜಿಎಫ್ ಗಣಿಯ ಆಳದಲ್ಲಿ 1965ರಲ್ಲೇ ವಾತಾವರಣದಿಂದ ಬರುವ ನ್ಯೂಟ್ರಿನೋಗಳ ಗುರುತು ಸಿಕ್ಕಿತ್ತು. 1980ರಲ್ಲಿ ಅದೇ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಪ್ರೋಟಾನ್ ತಾನಾಗೇ ಒಡೆಯುತ್ತದಾ ಅಂತ ನೋಡಲು ಡಿಟೆಕ್ಟರ್ ಇಟ್ಟಿದ್ದರು. ನಮ್ಮ ತಾತಂದಿರು ಚಿನ್ನ ತೆಗೆದ ಸುರಂಗದಲ್ಲಿ ಪ್ರೋಟಾನ್‌ಗಾಗಿ ಕಾದು ಕೂತಿದ್ದ ಜನ ಇದ್ದರು. ಸಣ್ಣ ಸಿಗ್ನಲ್ಲನ್ನು ಗದ್ದಲದಿಂದ ಬೇರೆ ಮಾಡುವ ಅದೇ ಕೆಲಸವನ್ನು ಇವತ್ತು ಪ್ರೋಟಾನ್ ಚಿಕಿತ್ಸೆಯಲ್ಲೂ ಮಾಡುತ್ತಾರೆ. ರೋಗಿಯ ದೇಹದಿಂದ ಹೊರಬರುವ ಗಾಮಾ ಕಿರಣ ಹಿಡಿದು, ಬೀಮ್, ಅಂದರೆ ಪ್ರೋಟಾನ್‌ಗಳ ಧಾರೆ, ಒಳಗೆ ಎಲ್ಲಿ ನಿಂತಿತು ಅಂತ ಪತ್ತೆ ಹಚ್ಚುತ್ತಾರೆ. ನನಗೆ ಕೆಲಸ ಸಿಕ್ಕಿದ್ದು ಈ ದಾರಿಯಲ್ಲೇ.

ಕೆಲಸ ಏನು ಅಂತ ಮೊದಲು ತಿಳ್ಕೊಳ್ಳಿ

ಎಲ್ಲ ಬಂದು ನಿಲ್ಲೋದು ಒಂದೇ ಪ್ರಶ್ನೆಗೆ: ಪ್ರೋಟಾನ್ ಎಲ್ಲಿ ನಿಲ್ಲುತ್ತದೆ?

ಎಕ್ಸ್‌ರೇ ದೇಹದೊಳಗೆ ಹೋಗಿ, ಗೆಡ್ಡೆ ದಾಟಿ, ಆಚೆ ಕಡೆಯಿಂದ ಹೊರಗೆ ಬರುತ್ತದೆ. ದಾರಿಯುದ್ದಕ್ಕೂ ಡೋಸ್, ಅಂದರೆ ತನ್ನ ಶಕ್ತಿ, ಬಿಡುತ್ತದೆ. ಪ್ರೋಟಾನ್ ಹಾಗಲ್ಲ. ಒಳಗೆ ಹೋಗುವಾಗ ಕಡಿಮೆ ಬಿಡುತ್ತದೆ, ನಿಧಾನವಾದಷ್ಟೂ ಜಾಸ್ತಿ ಬಿಡುತ್ತದೆ, ಕೊನೆಯ ಕೆಲವು ಮಿಲಿಮೀಟರ್‌ನಲ್ಲಿ ಉಳಿದಿದ್ದನ್ನೆಲ್ಲ ಸುರಿದು ನಿಂತುಬಿಡುತ್ತದೆ. ಆ ಏರಿಗೆ ಬ್ರ್ಯಾಗ್ ಪೀಕ್ ಅನ್ನುತ್ತಾರೆ. ನೀರಿನಲ್ಲಿ 70 ಎಂಇವಿ (ಶಕ್ತಿಯ ಅಳತೆ) ಪ್ರೋಟಾನ್ ಸುಮಾರು 4 ಸೆಂ.ಮೀ. ಹೋಗುತ್ತದೆ, 150 ಎಂಇವಿ ಸುಮಾರು 15.8 ಸೆಂ.ಮೀ., 200 ಎಂಇವಿ ಸುಮಾರು 26 ಸೆಂ.ಮೀ. ಈ ಮೂರು ಅಂಕಿ ಬಾಯಿಗೆ ಬರಬೇಕು. ಇಂಟರ್‌ವ್ಯೂನಲ್ಲಿ ಕೇಳಲಿ ಬಿಡಲಿ, ಮಾತಾಡುವಾಗ ಕಾಲಿಗೆ ನೆಲ ಸಿಕ್ಕ ಹಾಗಿರುತ್ತದೆ.

ಇನ್ನು ತೊಡಕು. ನಮ್ಮ ಕಡೆಯ ಬೋರ್‌ವೆಲ್ ರಿಗ್ ನೆನೆಸಿಕೊಳ್ಳಿ. ಟ್ಯಾಂಕಿಗೆ ಅಳೆದು ಇಷ್ಟೇ ಡೀಸೆಲ್ ಹಾಕಿದ್ದೀವಿ ಅಂತಿಟ್ಟುಕೊಳ್ಳಿ. ಮೆತ್ತನೆ ಮಣ್ಣು ಸಿಕ್ಕರೆ ಆಳಕ್ಕೆ ಇಳಿಯುತ್ತದೆ, ಕರಿಕಲ್ಲು ಸಿಕ್ಕರೆ ಮೇಲೇ ನಿಲ್ಲುತ್ತದೆ. ಪ್ರೋಟಾನ್‌ಗೆ ಶಕ್ತಿಯೇ ಡೀಸೆಲ್. ಶ್ವಾಸಕೋಶ ಮೆತ್ತನೆ ಮಣ್ಣು, ಮೂಳೆ ಕಲ್ಲು. ದಾರಿಯಲ್ಲಿ ಯಾವ ಪದರ ಎಷ್ಟಿದೆ ಅಂತ ಸಿ.ಟಿ. ಸ್ಕ್ಯಾನ್ ನೋಡಿ ಲೆಕ್ಕ ಹಾಕುತ್ತಾರೆ. ಆದರೆ ಸಿ.ಟಿ. ಹೇಳೋದು ಎಕ್ಸ್‌ರೇ ಎಷ್ಟು ತಗ್ಗಿತು ಅಂತ, ಪ್ರೋಟಾನ್ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಅಂತಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ತಪ್ಪು ನುಸುಳುತ್ತದೆ. ಅದಕ್ಕಾಗಿ ಬಹಳ ಕೇಂದ್ರಗಳಲ್ಲಿ ರೇಂಜ್‌ನ, ಅಂದರೆ ಪ್ರೋಟಾನ್ ಹೋಗುವ ದೂರದ, 3.5 ಶೇಕಡಾದಷ್ಟು, ಅದರ ಮೇಲೆ ಒಂದೆರಡು ಮಿ.ಮೀ. ಅಂಚು ಬಿಡುವ ರೂಢಿ ಇದೆ. 20 ಸೆಂ.ಮೀ. ಆಳದಲ್ಲಿ 3.5 ಶೇಕಡಾ ಅಂದರೆ 7 ಮಿ.ಮೀ. ಗೆಡ್ಡೆಯ ಹಿಂದೆಯೇ ಬೆನ್ನುಹುರಿ ಇದ್ದರೆ ಆ 7 ಮಿ.ಮೀ. ಎಂಥದ್ದು ಅಂತ ಯೋಚನೆ ಮಾಡಿ. ಒಂದು ಮಗು ಮುಂದೆ ನಡೆಯುತ್ತಾ ಇಲ್ಲವಾ ಅನ್ನೋ ಮಾತು ಅದು. ಈ ಕೆಲಸದಲ್ಲಿ ನನಗೆ ಅಕ್ಕರೆ ಹುಟ್ಟಿದ್ದು ಅಲ್ಲೇ.

ಇಷ್ಟು ಗೊತ್ತಾದರೆ ಜಾಹೀರಾತುಗಳು ತಾವಾಗೇ ಬಿಡಿಸಿಕೊಳ್ಳುತ್ತವೆ. ಡ್ಯುಯಲ್ ಎನರ್ಜಿ ಸಿ.ಟಿ. (ಎರಡು ಶಕ್ತಿಯ ಎಕ್ಸ್‌ರೇಯ ಸ್ಕ್ಯಾನ್) ಅಂತಿದ್ದರೆ ಆ 3.5 ಶೇಕಡಾ ಇಳಿಸುವ ಕೆಲಸ. ಪ್ರಾಂಪ್ಟ್ ಗಾಮಾ ಅಂತಿದ್ದರೆ ನಿಂತ ಜಾಗ ಹೊರಗಿನಿಂದ ಅಳೆಯುವ ಕೆಲಸ. ಅಡಾಪ್ಟಿವ್ ಅಂತಿದ್ದರೆ ರೋಗಿ ಸಣ್ಣಗಾದಾಗ, ಗೆಡ್ಡೆ ಕರಗಿದಾಗ ಪ್ಲಾನ್ ಬೇಗ ಬದಲಾಯಿಸುವ ಕೆಲಸ. ಎಲ್‌ಇಟಿ (ದಾರಿಯ ಪ್ರತಿ ತುಣುಕಿಗೆ ಬಿಡುವ ಶಕ್ತಿ), ಆರ್‌ಬಿಇ (ಎಕ್ಸ್‌ರೇಗೆ ಹೋಲಿಸಿದ ಪರಿಣಾಮ) ಅಂತಿದ್ದರೆ ಜೀವಕೋಶದ ಮೇಲಿನ ಪರಿಣಾಮದ ಲೆಕ್ಕ: ಪ್ರೋಟಾನ್ ಎಕ್ಸ್‌ರೇಗಿಂತ 1.1 ಪಟ್ಟು ಅಂತ ಎಲ್ಲೆಡೆ ಒಂದೇ ಅಂಕಿ ಹಿಡಿಯುತ್ತಾರೆ, ಆದರೆ ದಾರಿಯ ಕೊನೆಯಲ್ಲಿ ನಿಜವಾಗಿ ಅದು ಏರುತ್ತದೆ. ಫ್ಲ್ಯಾಶ್ ಅಂತಿದ್ದರೆ ಸೆಕೆಂಡಿಗೆ 40 ಗ್ರೇ (ಡೋಸ್‌ನ ಅಳತೆ) ಗಿಂತ ಜಾಸ್ತಿ ವೇಗದಲ್ಲಿ ಡೋಸ್ ಕೊಡೋದು, ಅದನ್ನು ಅಳೆಯುವ ಡಿಟೆಕ್ಟರ್ ಸಮಸ್ಯೆಯೇ ಒಂದು ದೊಡ್ಡ ಕ್ಷೇತ್ರ. ನಿಮ್ಮ ಪಿಎಚ್.ಡಿ ಇವುಗಳಲ್ಲಿ ಯಾವುದಕ್ಕೆ ಹತ್ತಿರ ಅಂತ ಒಂದು ಸಂಜೆ ಕೂತು ಬರೆದುಕೊಳ್ಳಿ. ಎಲ್ಲಕ್ಕೂ ಅರ್ಜಿ ಹಾಕಬೇಡಿ, ಎರಡನ್ನು ಆರಿಸಿಕೊಳ್ಳಿ.

ಒಂದು ಎಚ್ಚರಿಕೆ, ದಯವಿಟ್ಟು ಓದಿ

ಪೋಸ್ಟ್‌ಡಾಕ್ ಮಾಡಿದರೆ ಆಸ್ಪತ್ರೆಯ ಮೆಡಿಕಲ್ ಫಿಸಿಸಿಸ್ಟ್ ಆಗಲ್ಲ. ಇದು ಬೇರೆ ದಾರಿ. ನಮ್ಮಲ್ಲಿ ಆ ಕೆಲಸಕ್ಕೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಹೇಳಿದ ಅರ್ಹತೆ ಬೇಕು: ಫಿಸಿಕ್ಸ್ ಎಂ.ಎಸ್ಸಿ ಮೇಲೆ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ, ಇಲ್ಲವೇ ಮೆಡಿಕಲ್ ಫಿಸಿಕ್ಸ್‌ನಲ್ಲೇ ಎಂ.ಎಸ್ಸಿ, ಜೊತೆಗೆ ರೇಡಿಯೋಥೆರಪಿ ವಿಭಾಗದಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್. ಅಮೆರಿಕದಲ್ಲಾದರೆ ಕ್ಯಾಂಪೆಪ್ ಅನ್ನೋ ಸಂಸ್ಥೆಯ ಮಾನ್ಯತೆ ಇರುವ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯ ತರಬೇತಿ, ಬೇಕು. ನನ್ನ ಜೊತೆ ಓದಿದ ಒಬ್ಬರು ಎರಡು ವರ್ಷ ಒಳ್ಳೆಯ ಪೋಸ್ಟ್‌ಡಾಕ್ ಮಾಡಿ ಬಂದರು. ಆಸ್ಪತ್ರೆಯಲ್ಲಿ ಕೆಲಸ ಕೇಳಿದಾಗಲೇ ಅವರಿಗೆ ಇದು ಗೊತ್ತಾಗಿದ್ದು. ನಿಮಗೆ ರೋಗಿಗಳ ಪ್ಲಾನ್ ಮಾಡುವ ಕೆಲಸವೇ ಬೇಕಿದ್ದರೆ ಮೊದಲು ಆ ದಾರಿ ಹಿಡಿಯಿರಿ, ಕಿದ್ವಾಯಿ ಅಥವಾ ಮಣಿಪಾಲದಲ್ಲಿ ಕೋರ್ಸ್ ವಿಚಾರಿಸಿ. ಸಂಶೋಧನೆ ಬೇಕಿದ್ದರೆ ಮುಂದೆ ಓದಿ.

ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ

ಇಡೀ ಬರಹದಲ್ಲಿ ಒಂದೇ ಒಂದು ಭಾಗ ಓದುತ್ತೀನಿ ಅಂದರೆ ಇದನ್ನು ಓದಿ.

ಕಣಗಳು ವಸ್ತುವಿನೊಳಗೆ ಹೇಗೆ ಸಾಗುತ್ತವೆ ಅಂತ ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಜಿಯಾಂಟ್4 ಅನ್ನೋ ಸಾಫ್ಟ್‌ವೇರ್ ಉಚಿತ. ಅದರ ಮೇಲೆ ಕಟ್ಟಿದ ಟೋಪಾಸ್ ಪ್ರೋಟಾನ್ ಥೆರಪಿಗಾಗಿಯೇ ಮಾಡಿದ್ದು, ಅದನ್ನು ಓಡಿಸಲು ಸಿ++ ಬರೆಯಬೇಕಿಲ್ಲ, ಒಂದು ಸಾದಾ ಫೈಲಿನಲ್ಲಿ ನೀರಿನ ತೊಟ್ಟಿ ಎಷ್ಟುದ್ದ, ಬೀಮ್ ಎಷ್ಟು ಶಕ್ತಿ ಅಂತ ಬರೆದರೆ ಆಯಿತು. ಲಿನಕ್ಸ್ ಇರುವ ಒಂದು ಮಾಮೂಲಿ ಲ್ಯಾಪ್‌ಟಾಪ್ ಸಾಕು. 150 ಎಂಇವಿ ಬೀಮನ್ನು ನೀರಿನ ತೊಟ್ಟಿಗೆ ಬಿಡಿ. ಮೊದಲು 1 ಲಕ್ಷ ಪ್ರೋಟಾನ್ ಓಡಿಸಿ, ಗೆರೆ ಗೀಚುಗೀಚಾಗಿ ಬರುತ್ತದೆ. ಆಮೇಲೆ ಜಾಸ್ತಿ ಮಾಡಿ. ಗೀಚು ಅರ್ಧ ಆಗಬೇಕಾದರೆ ಪ್ರೋಟಾನ್ 4 ಪಟ್ಟು ಬೇಕು, ಇದನ್ನು ಪುಸ್ತಕದಲ್ಲಿ ಓದಿರುತ್ತೀರಿ, ಆದರೆ ರಾತ್ರಿ ಓಡಲು ಬಿಟ್ಟು ಬೆಳಗ್ಗೆ ಎದ್ದು ನೋಡಿದಾಗಲೇ ಅದು ಮನಸ್ಸಿಗೆ ಇಳಿಯೋದು.

ಪೀಕ್ ಬಂತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಪೀಕ್ ದಾಟಿದ ಮೇಲೆ ಡೋಸ್ 80 ಶೇಕಡಾಕ್ಕೆ ಇಳಿಯುವ ಆಳ ಅಳೆಯಿರಿ. ಒಂದೇ ಶಕ್ತಿಯ ಬೀಮ್‌ಗೆ ಸರಾಸರಿ ರೇಂಜ್ ಅಂದರೆ ಹೆಚ್ಚುಕಮ್ಮಿ ಅದೇ. ಅದನ್ನು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಪಿಸ್ಟಾರ್ ಅನ್ನೋ ಪ್ರೋಟಾನ್ ರೇಂಜ್‌ಗಳ ಪಟ್ಟಿಯ ಜೊತೆ ಹೋಲಿಸಿ. ಪಟ್ಟಿ 15.77 ಸೆಂ.ಮೀ. ಅನ್ನುತ್ತದೆ. ನನಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಬಂತು, ಒಂದು ಮಿ.ಮೀ.ಗಿಂತಲೂ ಕಡಿಮೆ ವ್ಯತ್ಯಾಸ. ಮೊದಲು ಸುಮ್ನೆ ಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ತೊಟ್ಟಿಯ ಅಳತೆ ನೋಡಿದೆ, ಡೋಸ್ ಲೆಕ್ಕ ಹಾಕುವ ನೀರಿನ ಹೋಳುಗಳ ದಪ್ಪ ಕಮ್ಮಿ ಮಾಡಿದೆ, ಪ್ರೋಟಾನ್ ಸಂಖ್ಯೆ ಏರಿಸಿದೆ. ವ್ಯತ್ಯಾಸ ಅಲ್ಲೇ ಇತ್ತು. ನಾಲ್ಕನೇ ದಿನ ಗೊತ್ತಾಯಿತು: ನೀರಿನ ಸರಾಸರಿ ಉದ್ರೇಕ ಶಕ್ತಿ ಅಂತ ಒಂದು ಅಂಕಿ ಇದೆ, ಪಿಸ್ಟಾರ್ ಅದನ್ನು 75 ಎಲೆಕ್ಟ್ರಾನ್ ವೋಲ್ಟ್ ಅಂತ ಹಿಡಿಯುತ್ತದೆ, ಜಿಯಾಂಟ್4 78 ಅಂತ ಹಿಡಿಯುತ್ತದೆ. ಕಣ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಅಂತ ಹೇಳುವ ಬೆಥೆ ಸೂತ್ರಕ್ಕೆ ಹಾಕಿ ನೋಡಿದರೆ ಆ 3ರ ವ್ಯತ್ಯಾಸ ರೇಂಜ್‌ನಲ್ಲಿ ಸುಮಾರು ಅರ್ಧ ಶೇಕಡಾ ಬದಲಾವಣೆ ತರುತ್ತದೆ. ನನ್ನ ಮಿಲಿಮೀಟರ್ ಅಲ್ಲಿತ್ತು.

ಈ ಕಥೆಯನ್ನೇ ನನ್ನ ಅರ್ಜಿಯಲ್ಲಿ ನಾಲ್ಕು ಸಾಲಿನಲ್ಲಿ ಬರೆದೆ. ಇಂಟರ್‌ವ್ಯೂ ಅರ್ಧ ಭಾಗ ಅದರ ಮೇಲೇ ನಡೆಯಿತು. ಪ್ರೋಟಾನ್ ಅನುಭವ ಇದೆಯಾ ಅಂತ ಯಾರೂ ಕೇಳಲಿಲ್ಲ.

ನೀವು ಇದನ್ನೇ ನಕಲು ಮಾಡಬೇಡಿ. ನಿಮ್ಮದೇ ಒಂದು ಸಣ್ಣ ಅನುಮಾನ ಹುಡುಕಿಕೊಳ್ಳಿ. ನೀರಿನ ಮಧ್ಯೆ 2 ಸೆಂ.ಮೀ. ಮೂಳೆ ಇಟ್ಟು ಬೀಮಿನ ಅರ್ಧ ಭಾಗ ಮಾತ್ರ ಅದರ ಮೂಲಕ ಹೋಗುವ ಹಾಗೆ ಮಾಡಿ, ಅಂಚಿನಲ್ಲಿ ಡೋಸ್ ಏನಾಗುತ್ತದೆ ನೋಡಿ. ಶ್ವಾಸಕೋಶದ ಸಾಂದ್ರತೆಯ ಪದರ ಇಟ್ಟು ಪೀಕ್ ಎಷ್ಟು ಮಸುಕಾಗುತ್ತದೆ ನೋಡಿ. ಮಷೀನ್ ಲರ್ನಿಂಗ್ ಕಡೆಯವರಾದರೆ ಜರ್ಮನಿಯ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಚಿಕಿತ್ಸೆಯ ಪ್ಲಾನ್ ಹಾಕಲು ಮಾಡಿದ ಮ್ಯಾಟ್‌ರ್ಯಾಡ್ ಇದೆ, ಅದೂ ಉಚಿತ, ಅದರಲ್ಲಿ ಒಂದು ಪೂರ್ತಿ ಪ್ಲಾನ್ ಮಾಡಿ ರೇಂಜ್ 3.5 ಶೇಕಡಾ ಆಚೆ ಈಚೆ ಆದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಪೈಥಾನ್‌ನಲ್ಲಿ ಡೈಕಾಂ ಫೈಲ್ ತೆರೆಯೋದು ಕಲಿಯಿರಿ, ಆಸ್ಪತ್ರೆಯ ಸಿ.ಟಿ., ಡೋಸ್, ಪ್ಲಾನ್ ಎಲ್ಲ ಅದರಲ್ಲೇ ಇರುತ್ತದೆ. ಡೋಸ್ ಅಳತೆಯ ಕಡೆ ಹೋಗುವವರು ಐಎಇಎ (ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ) ಹೊರತಂದ ಡೋಸ್ ಅಳತೆಯ ಕೈಪಿಡಿ ಟಿಆರ್‌ಎಸ್-398 ಓದಲೇಬೇಕು. 2000ರದ್ದು ಹಳೆಯದು, 2024ರಲ್ಲಿ ಪರಿಷ್ಕರಿಸಿದ್ದಾರೆ, ಹೊಸದನ್ನೇ ಇಳಿಸಿಕೊಳ್ಳಿ, ದುಡ್ಡು ಬೇಕಿಲ್ಲ. ಮಾಡಿದ್ದನ್ನೆಲ್ಲ ಗಿಟ್‌ಹಬ್ ಅನ್ನೋ ಕೋಡ್ ಹಂಚುವ ತಾಣದಲ್ಲಿ ಇಡಿ, ಹೇಗೆ ಓಡಿಸಬೇಕು ಅಂತ ಒಂದು ಪುಟ ಬರೆದಿಡಿ. ಇದಕ್ಕೆಲ್ಲ ನನಗೆ ಹಿಡಿದಿದ್ದು ಮೂರು ತಿಂಗಳ ಸಂಜೆಗಳು.

ಹುಡುಕೋದು, ಮೇಲ್ ಬರೆಯೋದು

ಯುರೋಪಿಗೆ ಯೂರಾಕ್ಸೆಸ್, ಬ್ರಿಟನ್‌ಗೆ ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ, ಅಮೆರಿಕಕ್ಕೆ ಅಲ್ಲಿನ ಮೆಡಿಕಲ್ ಫಿಸಿಸಿಸ್ಟ್‌ಗಳ ಸಂಘ ಎಎಪಿಎಂನ ಕೆಲಸದ ಪಟ್ಟಿ. ಇವು ಸಾಕು. ಆದರೆ ಬಹಳ ಕೆಲಸಗಳು ಸಂಶೋಧನಾ ಗುಂಪಿನ ಸ್ವಂತ ಪುಟದಲ್ಲೇ ಮೊದಲು ಬರುತ್ತವೆ. ಸ್ವಿಟ್ಜರ್ಲೆಂಡಿನ ಪಿಎಸ್‌ಐ (ಪಾಲ್ ಶೆರರ್ ಇನ್‌ಸ್ಟಿಟ್ಯೂಟ್), ಡ್ರೆಸ್ಡೆನ್‌ನ ಓಂಕೋರೇ, ಹೈಡೆಲ್‌ಬರ್ಗ್, ಡೆನ್ಮಾರ್ಕಿನ ಆರ್ಹುಸ್, ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ಮತ್ತು ಡೆಲ್ಫ್ಟ್, ಮ್ಯಾಂಚೆಸ್ಟರ್‌ನ ಕ್ರಿಸ್ಟಿ, ಬಾಸ್ಟನ್ನಿನ ಮ್ಯಾಸಚುಸೆಟ್ಸ್ ಜನರಲ್, ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್, ಫಿಲಡೆಲ್ಫಿಯಾದ ಪೆನ್. ಈ ಹೆಸರುಗಳ ಪುಟಗಳನ್ನು ತಿಂಗಳಿಗೊಮ್ಮೆ ನೋಡಿ. ಪಿಎಸ್‌ಐನ ಬಗ್ಗೆ ಒಂದು ಮಾತು: ಇವತ್ತು ಎಲ್ಲರೂ ಬಳಸುವ ತೆಳ್ಳನೆ ಬೀಮನ್ನು ಚುಕ್ಕೆ ಚುಕ್ಕೆಯಾಗಿ ಓಡಿಸುವ ವಿಧಾನವನ್ನು 1996ರಲ್ಲಿ ರೋಗಿಗಳ ಮೇಲೆ ಬಳಸಲು ಶುರು ಮಾಡಿದವರು ಅವರು, ಅಲ್ಲಿಂದ ಬಂದ ಪೇಪರ್‌ಗಳನ್ನು ಓದದೆ ಎಲ್ಲಿಗೂ ಅರ್ಜಿ ಹಾಕಬೇಡಿ.

ಜಾಹೀರಾತು ಇಲ್ಲದಿದ್ದರೂ ಗುಂಪಿನ ಮುಖ್ಯಸ್ಥರಿಗೆ ನೇರ ಮೇಲ್ ಬರೆಯಬಹುದು. ಚಿಕ್ಕದಾಗಿರಲಿ. "ಗೌರವಾನ್ವಿತ ಮಹೋದಯರೇ" ಧಾಟಿ ಬೇಡ, ಹೆಸರು ಹಿಡಿದು ಬರೆಯಿರಿ. ಮೊದಲ ಸಾಲಿನಲ್ಲಿ ನೀವು ಯಾರು, ಎರಡನೆಯದರಲ್ಲಿ ಅವರ ಯಾವ ಪೇಪರ್‌ನ ಯಾವ ಚಿತ್ರ ನಿಮ್ಮನ್ನು ಹಿಡಿಯಿತು, ಮೂರನೆಯದರಲ್ಲಿ ನೀವು ಮನೆಯಲ್ಲಿ ಮಾಡಿದ ಲೆಕ್ಕ ಮತ್ತು ಅದರ ಕೊಂಡಿ, ಕೊನೆಗೆ ಮುಂದಿನ ವರ್ಷ ಜಾಗ ಇದೆಯಾ ಅನ್ನೋ ನೇರ ಪ್ರಶ್ನೆ. ಅಷ್ಟೇ. ಒಂದೇ ಮೇಲನ್ನು ಐವತ್ತು ಜನಕ್ಕೆ ಕಳಿಸೋದು ಅವರಿಗೆ ಒಂದು ನೋಟಕ್ಕೇ ಗೊತ್ತಾಗುತ್ತದೆ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿ, ಆಮೇಲೆ ಬಿಟ್ಟುಬಿಡಿ.

ಸಿ.ವಿ.ಯಿಂದ ತಂದೆಯ ಹೆಸರು, ಜಾತಿ, ಮದುವೆ ಆಗಿದೆಯಾ, ಎಸ್ಸೆಸ್ಸೆಲ್ಸಿ ಅಂಕ, "ಮೇಲಿನದೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ" ಅನ್ನೋ ಸಾಲು, ಎಲ್ಲ ತೆಗೀರಿ. ಪೇಪರ್‌ಗಳಲ್ಲಿ ನೀವು ಸ್ವಂತ ಏನು ಮಾಡಿದಿರಿ ಅಂತ ಪ್ರತಿಯೊಂದರ ಕೆಳಗೆ ಒಂದು ಸಾಲು ಬರೆಯಿರಿ. ಶಿಫಾರಸು ಪತ್ರದ ವಿಷಯದಲ್ಲಿ ನಮ್ಮವರು ತುಂಬಾ ಸಂಕೋಚ ಪಡುತ್ತಾರೆ. ಗೈಡ್ ಹತ್ತಿರ ಹೋಗಿ, ಕೈಮುಗಿದು, "ಸಾರ್ ಒಂದು ಪತ್ರ" ಅಂದು ಬಂದುಬಿಡುತ್ತಾರೆ. ಅವರು ಪಾಪ "ಶ್ರಮಜೀವಿ, ಒಳ್ಳೆಯ ನಡತೆ" ಅಂತ ಬರೆದು ಕಳಿಸುತ್ತಾರೆ. ಅದರಿಂದ ಏನೂ ಆಗಲ್ಲ. ನೀವೇ ಒಂದು ಪುಟ ಟಿಪ್ಪಣಿ ಮಾಡಿ ಕೊಡಿ: ಯಾವ ವರ್ಷ ಯಾವ ಪ್ರಯೋಗ ಕೆಟ್ಟಿತು, ನೀವು ಹೇಗೆ ಸರಿ ಮಾಡಿದಿರಿ, ಜೂನಿಯರ್‌ಗಳಿಗೆ ಏನು ಕಲಿಸಿದಿರಿ. ಒಳ್ಳೆಯ ಗೈಡ್‌ಗಳಿಗೆ ಇದರಿಂದ ಸಹಾಯವೇ ಆಗುತ್ತದೆ.

ನಿಮ್ಮದೇ ಹಣ ತರುವ ದಾರಿಯೂ ಇದೆ. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್‌ಗೆ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಕೊನೆಯ ದಿನ ಇರುತ್ತದೆ. ಪಿಎಚ್.ಡಿ ಆಗಿ 8 ವರ್ಷ ಮೀರಿರಬಾರದು, ಹೋಗಬೇಕಾದ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಊರಲ್ಲೇ ಇದ್ದವರಿಗೆ ಆ ಎರಡನೇ ನಿಯಮ ಅಡ್ಡ ಬರಲ್ಲ. ಜರ್ಮನಿಗೆ ಹಂಬೋಲ್ಟ್ ಫೆಲೋಶಿಪ್ ಇದೆ, ಅದರ ಪೋಸ್ಟ್‌ಡಾಕ್ ವಿಭಾಗಕ್ಕೆ ಪಿಎಚ್.ಡಿ ಆಗಿ 4 ವರ್ಷದೊಳಗೆ ಅರ್ಜಿ ಹೋಗಬೇಕು. ಎರಡಕ್ಕೂ ಅಲ್ಲಿನ ಗುಂಪು ಮೊದಲು ಒಪ್ಪಬೇಕು, ಹಾಗಾಗಿ ಮೇ ತಿಂಗಳಲ್ಲೇ ಮೇಲ್ ಬರೆದಿರಬೇಕು.

ಇಂಟರ್‌ವ್ಯೂ

ಹೆಚ್ಚಾಗಿ ಆನ್‌ಲೈನ್. 20 ನಿಮಿಷ ನಿಮ್ಮ ಕೆಲಸ ಹೇಳಬೇಕು, ಆಮೇಲೆ ಪ್ರಶ್ನೆ. ಜ್ಯೂರಿಕ್‌ನ ಬೆಳಗ್ಗೆ 10 ಗಂಟೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1:30, ಚಳಿಗಾಲದಲ್ಲಿ 2:30. ಬಾಸ್ಟನ್ನಿನ ಬೆಳಗ್ಗೆ 9 ನಮಗೆ ಸಂಜೆ 6:30 ಅಥವಾ 7:30. ಅಲ್ಲಿ ಗಡಿಯಾರ ಬದಲಾಯಿಸುವ ವಾರ ತಪ್ಪಾಗುತ್ತದೆ, ಎರಡು ಸಲ ನೋಡಿಕೊಳ್ಳಿ. ಹಳ್ಳಿಯಲ್ಲಿದ್ದರೆ ಆ ದಿನ ಜಾತ್ರೆ, ಮೈಕು ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕರೆಂಟ್ ಹೋದರೆ ಫೋನಿನ ಹಾಟ್‌ಸ್ಪಾಟ್ ಸಿದ್ಧ ಇರಲಿ. ನಾನು ಕೋಲಾರದಲ್ಲಿ ಗೆಳತಿಯ ಮನೆಯ ಕೋಣೆಯಲ್ಲಿ ಕೂತು ಕೊಟ್ಟೆ.

ಇಂಗ್ಲಿಷಿನ ಬಗ್ಗೆ ಭಯ ಪಡುವವರು ತುಂಬಾ ಜನ. ನಾನೂ ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಅಲ್ಲಿ ಕೂತ ಆರು ಜನರಲ್ಲಿ ಐವರಿಗೆ ಇಂಗ್ಲಿಷ್ ತಾಯಿನುಡಿ ಆಗಿರಲಿಲ್ಲ. ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ, ಆದರೆ ಅಲ್ಲಿಗೆ ನಿಲ್ಲಿಸದೆ "ಹೀಗೆ ಪರೀಕ್ಷೆ ಮಾಡುತ್ತೇನೆ" ಅಂತ ಮುಂದುವರಿಸಿ. ನನಗೆ ಕೇಳಿದ್ದು: ಎರಡು ಸಿಮ್ಯುಲೇಷನ್‌ಗಳು ಬೇರೆ ಬೇರೆ ಉತ್ತರ ಕೊಟ್ಟರೆ ಯಾವುದನ್ನು ನಂಬುತ್ತೀರಿ? ಎರಡನ್ನೂ ನಂಬಲ್ಲ, ಅಳತೆ ಮಾಡುತ್ತೇನೆ, ಯಾವ ಡಿಟೆಕ್ಟರ್‌ನಿಂದ ಅಂತ ಹೇಳುತ್ತೇನೆ ಅಂದೆ. ಗಾಮಾ ಡಿಟೆಕ್ಟರ್‌ನಲ್ಲಿ ಕಳೆದ ಐದು ವರ್ಷ ಆ ಉತ್ತರದಲ್ಲಿ ಕೆಲಸಕ್ಕೆ ಬಂತು.

ಕಾಗದ ಪತ್ರ

ಇದು ಬೇಜಾರಿನ ಭಾಗ, ಆದರೆ ಕೆಲಸ ತಪ್ಪಿಹೋಗುವುದು ಇಲ್ಲೇ. ನಮ್ಮ ಇನಿಷಿಯಲ್ ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಪೇಪರ್‌ಗಳಲ್ಲಿ ಮತ್ತೊಂದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಬರುತ್ತದೆ. ಆಮೇಲೆ ಬ್ಯಾಂಕು, ಸಂಬಳ, ಎಲ್ಲದರಲ್ಲೂ ಅದೇ ಹೆಸರು ಹಿಂಬಾಲಿಸುತ್ತದೆ. ಅರ್ಜಿ ಹಾಕುವ ಒಂದು ವರ್ಷ ಮುಂಚೆಯೇ ಇನಿಷಿಯಲ್ ಬಿಡಿಸಿ, ಪಾಸ್‌ಪೋರ್ಟ್ ಸರಿ ಮಾಡಿಸಿ, ಅದೇ ಹೆಸರಿನಲ್ಲಿ ಆರ್ಕಿಡ್ (ಸಂಶೋಧಕರನ್ನು ಗುರುತಿಸುವ) ಸಂಖ್ಯೆ ತೆಗೆದುಕೊಳ್ಳಿ.

ಪಿಎಚ್.ಡಿ ಪ್ರಾವಿಷನಲ್ ಸರ್ಟಿಫಿಕೇಟ್ ಬೇಕು ಅಂತ ವೈವಾ ಮುಗಿದ ವಾರವೇ ಅರ್ಜಿ ಬರೆದುಕೊಡಿ. ನನ್ನದು ನಾಲ್ಕು ತಿಂಗಳು ಒಂದು ಮೇಜಿನ ಮೇಲೆ ಕೂತಿತ್ತು, ಹೋಗಬೇಕಾದ ತಾರೀಕು ಎರಡು ಸಲ ಮುಂದಕ್ಕೆ ಹೋಯಿತು, ಅಲ್ಲಿನವರು ಕಾದಿದ್ದು ನನ್ನ ಪುಣ್ಯ. ಅಂಕಪಟ್ಟಿ, ಡಿಗ್ರಿ ಎಲ್ಲ ಸ್ಕ್ಯಾನ್ ಮಾಡಿ ಒಂದೇ ಕಡೆ ಇಡಿ. ಪೊಲೀಸ್ ಕ್ಲಿಯರೆನ್ಸ್ ಕೇಳುವ ದೇಶಗಳಿವೆ, ವಿಳಾಸ ಬದಲಾಯಿಸಿದ್ದರೆ ಅದಕ್ಕೆ ಹೊತ್ತು ಹಿಡಿಯುತ್ತದೆ.

ಹಣದ ಅಂದಾಜಿಗೆ ಒಂದು ಅಂಕಿ: ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2024ಕ್ಕೆ ಹೊಸ ಪೋಸ್ಟ್‌ಡಾಕ್‌ಗೆ ನಿಗದಿ ಮಾಡಿದ ಸ್ಟೈಪೆಂಡ್ ವರ್ಷಕ್ಕೆ 61,008 ಡಾಲರ್. ರೂಪಾಯಿಗೆ ಗುಣಿಸಿ ಖುಷಿಪಡಬೇಡಿ, ಮೊದಲು ಆ ಊರಿನ ಬಾಡಿಗೆ ನೋಡಿ. ಜರ್ಮನಿಯಲ್ಲಿ ಸಂಬಳದ ಪಟ್ಟಿ ಬಹಿರಂಗವಾಗೇ ಇರುತ್ತದೆ, ಪೋಸ್ಟ್‌ಡಾಕ್‌ಗೆ ಸಾಮಾನ್ಯವಾಗಿ ಇ13 ಅನ್ನೋ ಶ್ರೇಣಿ, ಪೂರ್ತಿ 100 ಶೇಕಡಾನಾ ಇಲ್ಲ ಅರ್ಧವಾ ಅಂತ ಕೇಳಿ. ಮೊದಲ ಸಂಬಳ ತಿಂಗಳ ಕೊನೆಗೆ ಬರೋದು, ಮನೆ ಮುಂಗಡ ಮೊದಲ ದಿನವೇ ಕೇಳುತ್ತಾರೆ. ಹೋಗುವ ಖರ್ಚು ಕೊಡುತ್ತೀರಾ ಅಂತ ಕೇಳೋದರಲ್ಲಿ ನಾಚಿಕೆ ಬೇಡ. ಟೊಮೆಟೊ ಬೆಲೆ ಬಿದ್ದ ವರ್ಷ ಅಪ್ಪನ ಹತ್ತಿರ ದುಡ್ಡು ಕೇಳೋದಕ್ಕಿಂತ ಅಲ್ಲಿ ಕೇಳೋದು ಸುಲಭ.

ವಾಪಸ್ ಬರಬಹುದಾ ಅಂತ ಅಮ್ಮಂದಿರು ಕೇಳುತ್ತಾರೆ. ಬರಬಹುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓಹಿಯೋಗೆ ಹೋಗಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್.ಡಿ ಮಾಡಿ ಬಂದು ಇಲ್ಲೇ ಪಾಠ ಮಾಡಿದರು. ಈಗ ಚೆನ್ನೈ ಇದೆ, ಖಾರ್ಘರ್ ಇದೆ. ಮೆಷಿನ್ನು ಬಂದ ಕಡೆ ಅದರ ಲೆಕ್ಕ ಗೊತ್ತಿರುವವರೂ ಬೇಕಾಗುತ್ತಾರೆ.

ಆಫರ್ ಬಂದ ಮೇಲೆ ಸಹಿ ಹಾಕುವ ಮುಂಚೆ ಮೂರು ಪ್ರಶ್ನೆ ಕೇಳಿ. ಕಾಂಟ್ರಾಕ್ಟ್ ಒಂದು ವರ್ಷದ್ದಾ ಎರಡು ವರ್ಷದ್ದಾ, ಮುಂದುವರಿಸೋದು ಯಾವುದರ ಮೇಲೆ ನಿಂತಿದೆ? ರೋಗಿಗಳ ಡೇಟಾ ಬಳಸಲು ಅನುಮತಿ ಈಗಾಗಲೇ ಸಿಕ್ಕಿದೆಯಾ, ಇಲ್ಲ ನೀವು ಹೋದ ಮೇಲೆ ಅರ್ಜಿ ಹಾಕಬೇಕಾ? ಇದರಲ್ಲೇ ಆರು ತಿಂಗಳು ಕಳೆದವರನ್ನು ನೋಡಿದ್ದೇನೆ. ಮೂರನೆಯದು, ಸಂಶೋಧನೆಗೆ ಬೀಮ್ ಯಾವಾಗ ಸಿಗುತ್ತದೆ? ಹಗಲೆಲ್ಲ ರೋಗಿಗಳದ್ದು, ಹಾಗೇ ಇರಬೇಕು. ನಮಗೆ ಸಿಗೋದು ಸಂಜೆ ಏಳರ ಮೇಲೆ, ಇಲ್ಲವೇ ಶನಿವಾರ. ನಮ್ಮ ಕೇಂದ್ರದಲ್ಲಿ ವಾರಕ್ಕೆ ಎರಡು ರಾತ್ರಿ ಕೊಡುತ್ತಾರೆ. ಬುತ್ತಿ ಕಟ್ಟಿಕೊಂಡು ಹೋಗುತ್ತೇನೆ.